ಸಹಾಯ ಬೇಕು: ಕಲಬುರಗಿಯಲ್ಲಿ ಅರಿಶಿನ ಕೊಂಬು ಬೀಸಿಕೊಡುವ ಗಿರಣಿ ಎಲ್ಲಿದೆ?

ಅಕ್ಕಂದಿರೇ, ಅಣ್ಣಂದಿರೇ, ನಮಸ್ಕಾರ. ಸೂಪರ್ ಮಾರ್ಕೆಟ್ ಅಥವಾ ಗಂಜ್ ಆಸುಪಾಸಿನಲ್ಲಿ ಅರಿಶಿನಕ್ಕೆಂದೇ ಬೇರೆ ಯಂತ್ರ ಇಟ್ಟಿರುವ ಗಿರಣಿ ಯಾರಿಗಾದರೂ ಗೊತ್ತಿದೆಯೇ? ನಮ್ಮ ಓಣಿಯ ಗಿರಣಿಯವರು ಖಾರ ಬೀಸುವ ಯಂತ್ರಕ್ಕೇ ಹಾಕುತ್ತೇನೆ ಎನ್ನುತ್ತಾರೆ. ಆ ಘಾಟು ಉಳಿದ ಪುಡಿಯನ್ನು ಮಗುವಿನ ಹಾಲಿಗೆ ಹೇಗೆ ಹಾಕುವುದು? ಹಬ್ಬದ ದಿನ ಬರಿಗೈಯಲ್ಲಿ ಹೊಸ್ತಿಲಿಗೆ ಬಳಿಯುವುದಾದರೂ ಹೇಗೆ?

ಬಿಡಿಯಾಗಿ ತಂದ ಪುಡಿಯ ಮೇಲೆ ನನಗೆ ನಂಬಿಕೆ ಹೋಗಿದೆ. ಗಾಜಿನ ಲೋಟದ ನೀರಿಗೆ ಒಂದು ಚಮಚ ಉದುರಿಸಿ, ಅಲುಗಾಡಿಸದೆ ಇಟ್ಟು ನೋಡಿದೆ. ಶುದ್ಧ ಪುಡಿಯಾದರೆ ತಳಕ್ಕಿಳಿದು ಮೇಲಿನ ನೀರು ತಿಳಿ ಹಳದಿಯಾಗಿರುತ್ತದೆ. ಇದು ಮೇಲಿನಿಂದ ಕೆಳಗಿನವರೆಗೆ ಗಾಢ ಹಳದಿ ಬಿಟ್ಟಿತು. ಬಣ್ಣ ಎದ್ದು ಕಾಣಲೆಂದು ಸೀಸದ ಕ್ರೋಮೇಟ್ ಬೆರೆಸುವವರೂ ಇದ್ದಾರೆ. ಸೀಸ ಮಕ್ಕಳ ಮಿದುಳಿಗೇ ಕೇಡು. ತೊಗರಿ ಬೇಳೆ ಬೇಯಿಸುವಾಗಲೆಲ್ಲ ಚಿಟಿಕೆ ಹಾಕುವ ಪದಾರ್ಥವಿದು, ಹೋಗಲಿ ಎಂದು ಬಿಡಲಾಗದು.

ಗಿರಣಿ ಸಿಗದಿದ್ದರೆ ಮನೆಯಲ್ಲೇ ಮಾಡುತ್ತೇನೆ. ಆದರೆ ಕೊಂಬು ಕಲ್ಲಿನಂತೆ ಗಟ್ಟಿ. ಕುಟ್ಟಿ ಚೂರು ಮಾಡಿ ಹಾಕಿದರೆ ಮಿಕ್ಸರ್ ತಡೆಯುತ್ತದೆಯೇ? ಅದಕ್ಕೂ ಮೊದಲು ಎಷ್ಟು ಬಿಸಿಲು ಬೇಕು? ಮಾಡಿ ಅನುಭವವಿದ್ದವರು ದಯವಿಟ್ಟು ತಿಳಿಸಿ.