ಇಲಿಯ ಮೆದುಳಲ್ಲಿ ಡೋಪಮೈನ್ ಅಳತೆ: ಪೀಕ್ ಸರಿಯುತ್ತಿದೆ, ಏನು ಕಾರಣ?

ಪ್ರಶ್ನೆ (ಹಾಸನ):
ಯುರೆಥೇನ್ ಅರಿವಳಿಕೆಯಲ್ಲಿರುವ ಇಲಿ, ಮೆದುಳಿನ ನ್ಯೂಕ್ಲಿಯಸ್ ಅಕಂಬೆನ್ಸ್ ಭಾಗದಲ್ಲಿ 7 ಮೈಕ್ರಾನ್ ಕಾರ್ಬನ್ ಫೈಬರ್ ಎಲೆಕ್ಟ್ರೋಡ್. ಫಾಸ್ಟ್ ಸ್ಕ್ಯಾನ್ ವೋಲ್ಟಾಮೆಟ್ರಿ (ವೋಲ್ಟೇಜನ್ನು ವೇಗವಾಗಿ ಏರಿಳಿಸಿ ಕರೆಂಟ್ ಅಳೆಯುವ ವಿಧಾನ): −0.4ರಿಂದ +1.3 ವೋಲ್ಟ್‌ವರೆಗೆ ಹೋಗಿ ವಾಪಸ್, ವೇಗ ಸೆಕೆಂಡಿಗೆ 400 ವೋಲ್ಟ್, ಸೆಕೆಂಡಿಗೆ 10 ಸ್ಕ್ಯಾನ್. ಮೊದಮೊದಲು ಆಕ್ಸಿಡೇಶನ್ ಪೀಕ್ (ಡೋಪಮೈನ್ ಎಲೆಕ್ಟ್ರಾನ್ ಕಳೆದುಕೊಳ್ಳುವಾಗ ಕಾಣುವ ಕರೆಂಟ್ ಶಿಖರ) +0.6 ವೋಲ್ಟ್ ಹತ್ತಿರವೇ ಬರುತ್ತೆ. ಅರ್ಧ ಗಂಟೆ ಕಳೆದರೆ 0.8ರ ಕಡೆ ಸರಿಯುತ್ತೆ. ಫೈಬರ್ ಬದಲಾಯಿಸಿದರೂ ಅಷ್ಟೇ. ಜೊತೆಗೆ ಪಕ್ಕದ ಬೋರ್‌ವೆಲ್ ಮೋಟಾರ್ ಶುರುವಾದರೆ ವಿಪರೀತ ನಾಯ್ಸ್.

ಉತ್ತರ 1:
ಫೈಬರ್ ಬದಲಾದರೂ ಹೋಗಲಿಲ್ಲ ಅಂದರೆ ರೆಫರೆನ್ಸ್ ತಂತಿಯನ್ನೇ (ವೋಲ್ಟೇಜ್‌ಗೆ ಆಧಾರವಾಗಿರುವ ಬೆಳ್ಳಿ ತಂತಿ) ಅನುಮಾನಿಸಿ. ಬೆಳ್ಳಿಯ ಮೇಲಿನ ಕ್ಲೋರೈಡ್ ಪದರ ಅಂಗಾಂಶದೊಳಗೆ ಸವೆಯುತ್ತೆ, ಪ್ರೋಟೀನೂ ಮೆತ್ತಿಕೊಳ್ಳುತ್ತೆ. ಆಗ ಅದರ ಪೊಟೆನ್ಶಿಯಲ್ ಅಲುಗಾಡಿ, ನೀವು ಕೊಟ್ಟ ವೋಲ್ಟೇಜ್ ಒಂದು, ಫೈಬರ್‌ಗೆ ಸಿಗೋದು ಇನ್ನೊಂದು.

ಖಾತ್ರಿ ಮಾಡಿಕೊಳ್ಳಲು ಬ್ಯಾಕ್‌ಗ್ರೌಂಡ್ ಕರೆಂಟ್ (ಡೋಪಮೈನ್ ಇಲ್ಲದಿದ್ದರೂ ಪ್ರತಿ ಸ್ಕ್ಯಾನ್‌ನಲ್ಲಿ ಬರುವ ಕರೆಂಟ್) ನೋಡಿ. ಅದರ ಉಬ್ಬು ಕೂಡ ಪೀಕ್ ಜೊತೆಗೇ ಸರಿದಿದ್ದರೆ ತಪ್ಪು ರೆಫರೆನ್ಸ್‌ದು. ಉಬ್ಬು ಇದ್ದಲ್ಲೇ ಇದ್ದು ಡೋಪಮೈನ್ ಪೀಕ್ ಮಾತ್ರ ಕುಗ್ಗಿದರೆ ಕಾರ್ಬನ್ ಮೇಲೆ ಕೊಳೆ ಕೂತಿದೆ.

ಬೆಳ್ಳಿ ತಂತಿಯನ್ನು ನಯವಾದ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಹೊಳಪು ಬಂದ ಮೇಲೆ ಬ್ಲೀಚ್‌ನಲ್ಲಿ ನೆನೆಹಾಕಿ. ಇಡೀ ತುದಿ ಒಂದೇ ಸಮ ಗಾಢ ಬೂದು ಬಣ್ಣಕ್ಕೆ ತಿರುಗಬೇಕು. ಬಿಳಿ ಮಚ್ಚೆ ಉಳಿದರೆ ಮತ್ತೆ ಉಜ್ಜಿ ಮೊದಲಿಂದ. ಚೆನ್ನಾಗಿ ತೊಳೆದು ಸಲೈನ್‌ನಲ್ಲಿಡಿ. ಪ್ರತಿ ಇಲಿಗೂ ಹೊಸ ತಂತಿಯೇ ಒಳ್ಳೆಯದು.

ಉತ್ತರ 2:
ನಾಯ್ಸ್ ವಿಷಯ: ಫ್ಯಾರಡೇ ಪಂಜರ (ಹೊರಗಿನ ನಾಯ್ಸ್ ತಡೆಯುವ ಲೋಹದ ಗೂಡು), ಸ್ಟಿರಿಯೋಟ್ಯಾಕ್ಸಿಕ್ ಫ್ರೇಮ್ (ಇಲಿಯ ತಲೆ ಅಲುಗದಂತೆ ಹಿಡಿಯುವ ಚೌಕಟ್ಟು), ಆಂಪ್ಲಿಫೈಯರ್ ಎಲ್ಲದರ ಅರ್ಥಿಂಗ್ ಒಂದೇ ಬಿಂದುವಿಗೆ ಬರಲಿ. ಎರಡು ಕಡೆ ಅರ್ಥ್ ಆದರೆ ಲೂಪ್ ಬಿದ್ದು 50 ಹರ್ಟ್ಸ್ ಗುಂಯ್‌ಗುಡುತ್ತೆ. ಮೇನ್ಸ್‌ನಲ್ಲಿ ಓಡುವ ಹೀಟಿಂಗ್ ಪ್ಯಾಡ್ ಬಹಳ ಸಲ ಮೋಟಾರ್‌ಗಿಂತ ದೊಡ್ಡ ಶತ್ರು. ಅದನ್ನು ಒಂದು ನಿಮಿಷ ಆಫ್ ಮಾಡಿ ನೋಡಿ. ಮಲೆನಾಡ ಮಳೆಗಾಲದಲ್ಲಿ ಹೆಡ್‌ಸ್ಟೇಜ್ (ಎಲೆಕ್ಟ್ರೋಡ್ ಪಕ್ಕದ ಪುಟ್ಟ ಆಂಪ್ಲಿಫೈಯರ್) ಕನೆಕ್ಟರ್‌ಗೆ ತೇವ ಕೂತು ಕರೆಂಟ್ ಸೋರುತ್ತೆ. ಒಣಗಿಸಿದ ಮೇಲೇ ಜೋಡಿಸಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್. ಬ್ಯಾಕ್‌ಗ್ರೌಂಡ್ ಉಬ್ಬೂ ಸರಿದಿದೆ, ಹಾಗಾದರೆ ರೆಫರೆನ್ಸೇ. ಹೊಸ ತಂತಿ ಹಾಕಿದ ಮೇಲೆ ಕಂಡಿದ್ದೆಲ್ಲ ಡೋಪಮೈನೇ ಅಂತ ನಂಬಬಹುದಾ?

ಉತ್ತರ 3:
ಒಂದು ಪೀಕ್ ಕಂಡ ಮಾತ್ರಕ್ಕೆ ನಂಬಬೇಡಿ ಮೇಡಂ. ಆಕ್ಸಿಡೇಶನ್ +0.6ರಲ್ಲಿ, ವಾಪಸ್ ಬರುವಾಗ ರಿಡಕ್ಷನ್ −0.2ರಲ್ಲಿ, ಎರಡೂ ಬೇಕು. ಸ್ಟಿಮ್ಯುಲೇಶನ್ (ಡೋಪಮೈನ್ ಬಿಡುಗಡೆಗೆ ಕೊಡುವ ಪ್ರಚೋದನೆ) ಆದ ಕೆಲವು ಸೆಕೆಂಡಿಗೆ ಪಿಎಚ್ ಬದಲಾವಣೆಯೂ ಕರೆಂಟ್ ತೋರಿಸುತ್ತೆ, ಅದರ ಆಕಾರವೇ ಬೇರೆ. ಬ್ಯಾಕ್‌ಗ್ರೌಂಡ್ ನೂರಾರು ನ್ಯಾನೋಆಂಪಿಯರ್, ಡೋಪಮೈನ್‌ದು ಕೆಲವೇ ನ್ಯಾನೋಆಂಪಿಯರ್. ಹಾಗಾಗಿ ಸುಮಾರು 90 ಸೆಕೆಂಡಿಗಿಂತ ಉದ್ದದ ಅವಧಿಯಲ್ಲಿ ಬ್ಯಾಕ್‌ಗ್ರೌಂಡ್ ಕಳೆದರೆ ಉಳಿಯೋದು ಬರೀ ಡ್ರಿಫ್ಟ್. ಗಂಟೆಗಟ್ಟಲೆ ಏರಿಳಿತ ಬೇಕಾದರೆ ಮೈಕ್ರೋಡಯಾಲಿಸಿಸ್ (ಸಣ್ಣ ಪೊರೆ ಕೊಳವೆಯಿಂದ ಮೆದುಳಿನ ದ್ರವದ ಮಾದರಿ ತೆಗೆಯುವ ವಿಧಾನ) ಮಾಡಿ.

ಎರಡು ಸ್ಟಿಮ್ಯುಲೇಶನ್ ನಡುವೆ 3ರಿಂದ 5 ನಿಮಿಷ ಬಿಡಿ, ಇಲ್ಲದಿದ್ದರೆ ಡೋಪಮೈನ್ ಬಿಡುಗಡೆಯೇ ಕಮ್ಮಿಯಾಗಿ ಎಲೆಕ್ಟ್ರೋಡ್ ಕೆಟ್ಟಿತೆಂದು ಅನಿಸುತ್ತೆ. ಪ್ರಯೋಗ ಮುಗಿದ ಮೇಲೆ ಅದೇ ಫೈಬರ್ ತೆಗೆದು ಫ್ಲೋ ಸೆಲ್‌ನಲ್ಲಿ (ಎಲೆಕ್ಟ್ರೋಡ್ ಮೇಲೆ ದ್ರಾವಣ ಹರಿಸುವ ಸಣ್ಣ ಕೋಶ) 1 ಮೈಕ್ರೋಮೋಲಾರ್ ಡೋಪಮೈನ್‌ಗೆ ಕ್ಯಾಲಿಬ್ರೇಟ್ ಮಾಡಿ. ದ್ರಾವಣ ಅವತ್ತೇ ತಯಾರಿಸಿದ್ದಿರಲಿ. ಕಂದು ತಿರುಗಿದ್ದನ್ನು ಚೆಲ್ಲಿಬಿಡಿ.