ಮಿದುಳು ಜ್ವರದ ನಂತರ ಮಾತು ನಿಂತಿದೆ, ಎಲ್ಲಿಗೆ ಕರ್ಕೊಂಡು ಹೋಗೋದು?

ನಮ್ಮದು ಸಿಂಧನೂರು ಕಡೆ ಹಳ್ಳಿ, ಸುತ್ತ ಭತ್ತದ ಗದ್ದೆ. ಅಕ್ಕನ ಮಗನಿಗೆ 6 ವರ್ಷ. ಜ್ವರ, ವಾಂತಿ, ಆಮೇಲೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಿತ್ತು. ಬೆನ್ನುಹುರಿ ನೀರು ತೆಗೆದು ನೋಡಿದಾಗ ಜಪಾನೀಸ್ ಎನ್ಸೆಫಲೈಟಿಸ್, ಅಂದ್ರೆ ಸೊಳ್ಳೆಯಿಂದ ಹರಡೋ ವೈರಸ್‌ನ ಮಿದುಳು ಜ್ವರ ಅಂದ್ರು. ಈ ವೈರಸ್ ಕೊಲ್ಲೋ ಔಷಧಿ ಇಲ್ವಂತೆ. ಜೀವ ಉಳೀತು, ಅದೇ ದೊಡ್ಡದು. ಫಿಟ್ಸ್ ಮಾತ್ರೆ ಕೊಡ್ತಿದೀವಿ, ಫಿಸಿಯೋಥೆರಪಿ ಮಾಡಿಸಿ ಈಗ ಗೋಡೆ ಹಿಡಿದು ನಡೀತಾನೆ. ಆದರೆ ಬಲಗೈ ಸೆಟೆದುಕೊಂಡೇ ಇರುತ್ತೆ, ಮಾತು ಒಂದೂ ಇಲ್ಲ. ನಾವು ಹೇಳಿದ್ದೆಲ್ಲ ಅರ್ಥ ಆಗುತ್ತೆ, ತಿರುಗಿ ಹೇಳೋಕಾಗದೆ ಅಳ್ತಾನೆ, ನೋಡೋಕಾಗಲ್ಲ. ಒಬ್ಬ ಡಾಕ್ಟರ್ ಬಿಗಿತ ಇಳಿಯೋವರೆಗೆ ಕಾಯಿರಿ ಅಂತಾರೆ, ಇನ್ನೊಬ್ಬರು ಸ್ಪೀಚ್ ಥೆರಪಿ ಈಗಲೇ ಶುರು ಮಾಡಿ ಅಂತಾರೆ. ನಿಮ್ಮ ಮನೆ ಮಕ್ಕಳಿಗೆ ಹೀಗಾಗಿದ್ದರೆ ದಯವಿಟ್ಟು ಹೇಳಿ: ಕಾಯಬೇಕಾ? ಇಲ್ಲಾಂದ್ರೆ ಮೊದಲು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಾ?