ಸಹಾಯ ಬೇಕು: ನಾಯಿ ಲಿವರ್ ಸ್ಲೈಡ್‌ನಲ್ಲಿ ಇಟ್ಟಿಗೆ ಥರ ಕಾಣೋದು ಏನಿರಬಹುದು?

ಎಲ್ಲರಿಗೂ ನಮಸ್ಕಾರ, ಪೆಥಾಲಜಿ ನೋಡೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ವಯಸ್ಸಾದ ನಾಯಿದು ಪೋಸ್ಟ್‌ಮಾರ್ಟಮ್ ಸ್ಯಾಂಪಲ್, ಲಿವರ್ ಮತ್ತೆ ಕಿಡ್ನಿ, ಎಚ್ ಅಂಡ್ ಇ ಸ್ಟೇನ್ (ನ್ಯೂಕ್ಲಿಯಸ್ ನೀಲಿ, ಉಳಿದದ್ದು ಗುಲಾಬಿ ಮಾಡೋ ಮಾಮೂಲಿ ಬಣ್ಣ) ಮಾಡಿದೀವಿ. 40ರ ಆಬ್ಜೆಕ್ಟಿವ್‌ನಲ್ಲಿ ನೋಡಿದ್ರೆ ಲಿವರ್ ಸೆಲ್‌ಗಳ ನ್ಯೂಕ್ಲಿಯಸ್ ಒಳಗೇನೇ ಗುಲಾಬಿ ಬಣ್ಣದ, ಅಂಚು ಚೂಪಾಗಿರೋ, ಇಟ್ಟಿಗೆ ಥರದ ಆಕಾರ ಕಾಣ್ತಿದೆ, ಕೆಲವು ಕಡೆ ಅದು ನ್ಯೂಕ್ಲಿಯಸ್‌ನೇ ಹಿಗ್ಗಿಸಿ ಉದ್ದ ಮಾಡ್ಬಿಟ್ಟಿದೆ.

ಮೊದ್ಲು ಅಡಿನೋವೈರಸ್ ಹೆಪಟೈಟಿಸ್ (ವೈರಸ್‌ನಿಂದ ಬರೋ ಲಿವರ್ ಉರಿಯೂತ) ಅಂತ ಡೌಟ್ ಬಂತು, ಆದ್ರೆ ಅದ್ರಲ್ಲಿ ಇನ್‌ಕ್ಲೂಷನ್ (ಸೆಲ್ ಒಳಗೆ ಕಾಣೋ ಉಂಡೆ ಅಥವಾ ತುಣುಕಿನಂಥ ವಸ್ತು) ದುಂಡಗಿರುತ್ತೆ, ಬಣ್ಣ ನೀಲಿ ಕಡೆಗೆ, ಸುತ್ತ ಖಾಲಿ ಉಂಗುರ ಬೇರೆ, ಜೊತೆಗೆ ಸೆಲ್‌ಗಳು ಸತ್ತಿರ್ತವೆ. ಇಲ್ಲಿ ಸುತ್ತಮುತ್ತ ಟಿಶ್ಯೂ ಚೆನ್ನಾಗೇ ಇದೆ, ಉರಿಯೂತ ಒಂಚೂರೂ ಇಲ್ಲ. ವಯಸ್ಸಾದ ನಾಯಿಗಳಲ್ಲಿ ಯಾವ ಕಾಯಿಲೆನೂ ಇಲ್ದೆ ಕಾಣಿಸ್ಕೊಳ್ಳೋ ಕ್ರಿಸ್ಟಲ್ ಥರದ ಇನ್‌ಕ್ಲೂಷನ್ ಇದೇನಾ? ನಂಗೆ ಹಂಗೇ ಅನ್ಸುತ್ತೆ. ಆದ್ರೆ ಕಿಡ್ನಿ ಟ್ಯೂಬ್ಯೂಲ್‌ನ ಒಂದೆರಡು ಸೆಲ್‌ನಲ್ಲೂ ಇರೋದ್ರಿಂದ ಸೀಸದ ವಿಷ ಇರಬಹುದಾ ಅನ್ನೋ ಭಯ ಹೋಗ್ತಿಲ್ಲ, ಯಾಕಂದ್ರೆ ಅದೇ ಮನೇಲಿ ಇನ್ನೊಂದು ಮರಿ ಇದೆ. ಸೀಸದ್ದಾದ್ರೆ ಆಸಿಡ್ ಫಾಸ್ಟ್ (ಆಸಿಡ್‌ನಲ್ಲಿ ತೊಳೆದ್ರೂ ಬಣ್ಣ ಬಿಡದೆ ಇರೋದು) ಬರುತ್ತೆ ಅಂತ, ಅದನ್ನ ತೋರಿಸೋ ಜೀಲ್ ನೀಲ್ಸನ್ ಸ್ಟೇನ್ ಹಾಕೋಣ ಅಂತಿದೀನಿ, ಆದ್ರೆ ಬ್ಲಾಕ್‌ನಲ್ಲಿ (ಸ್ಯಾಂಪಲ್ ಕೂರಿಸಿರೋ ಮೇಣದ ತುಂಡು) ಟಿಶ್ಯೂ ತುಂಬಾ ಕಮ್ಮಿ ಉಳಿದಿದೆ, ಅದೇ ಮೊದ್ಲು ಮಾಡ್ಲಾ ಇಲ್ಲಾ ಬೇರೆ ಏನಾದ್ರೂನಾ? ಇಂಥದ್ದು ನೋಡಿರೋರು ನಿಮ್ಮ ಸ್ಲೈಡ್ ಫೋಟೋ ಹಾಕಿದ್ರೆ ಹೋಲಿಸಿ ನೋಡ್ತೀನಿ.